ಕನ್ನಡಿಯ ಕೆಳಗಿನ ಬಟನ್

ಜನವರಿ 8

ಮರಿ,

ಫೋನಿನಲ್ಲಿ ಮಾತಾಡಿದರೆ ಐದನೆಯ ನಿಮಿಷಕ್ಕೆ ನಮ್ಮಿಬ್ಬರಿಗೂ ಜಗಳ, ಕಾಗದವಾದರೆ ಬೈಯುವುದಕ್ಕೂ ಮೊದಲು ಪೆನ್ನು ಹುಡುಕಬೇಕು ಎಂದು ನೀನೇ ಹೇಳಿದ್ದೆ. ಇಗೋ, ಪೆನ್ನು ಸಿಕ್ಕಿದೆ. ಎರಡು ತಿಂಗಳಿಂದ ನಿನ್ನ ಸುದ್ದಿಯೇ ಇಲ್ಲ. ಕೆಲಸ ಸಿಕ್ಕಿತೋ, ಇನ್ನೂ ಹುಡುಕುತ್ತಿದ್ದೀಯೋ? ಅಮ್ಮನ ಕಾರನ್ನು ಓಡಿಸುತ್ತಿದ್ದೀಯೋ, ನೂಕುತ್ತಿದ್ದೀಯೋ?

ಇಲ್ಲಿ ಒಂದು ವಿಚಿತ್ರ ನಡೆದಿದೆ. ನಿನ್ನೆ ಬುಧವಾರ. ಬುಧವಾರ ಹತ್ತರಿಂದ ಮೂರರವರೆಗೆ ನಾನು ಆಸ್ಪತ್ರೆಯ ಪಾದ ವಿಭಾಗದಲ್ಲಿ, ಕಾಲು ಏರುಪೇರು ಇದ್ದವರಿಗೆ ಬೂಟು ತೊಡಿಸಿ ನಡೆಸಿ ನೋಡುತ್ತಾ ಇರುತ್ತೇನೆ. ನಮ್ಮಲ್ಲಿ ಬೂಟು ಹೊಲಿಯುವ ದಾರದಮ್ಮನಿಗೆ ಅಂದು ರಜೆ. ಗ್ಯಾರೇಜಿನ ನಮ್ಮ ಕಾರ್ಯಾಗಾರಕ್ಕೆ ಆ ಮೋಟಾರ್ ಬಾಗಿಲೇ ಕಾವಲು. ನಿನ್ನೆ ಡಾಕ್ಟರಿಗೇ ಜ್ವರ ಬಂದು ಹನ್ನೆರಡಕ್ಕೆ ನನ್ನನ್ನು ಮನೆಗೆ ಕಳಿಸಿದರು. ಮನೆಯ ಮುಂಬಾಗಿಲಿನಿಂದ ಒಳಗೆ ಬಂದು, ಅಡುಗೆಮನೆ ದಾಟಿ, ಗ್ಯಾರೇಜಿಗೆ ಇಣುಕಿದರೆ ಸೂರಿನ ಮೋಟಾರ್ ಪೆಟ್ಟಿಗೆಯ ದೀಪ ಉರಿಯುತ್ತಿದೆ! ಬಾಗಿಲು ಏರಿದಾಗಲೋ ಇಳಿದಾಗಲೋ ಹೊತ್ತಿಕೊಳ್ಳುವ ಆ ದೀಪ ನಾಲ್ಕು ನಿಮಿಷಕ್ಕೆ ತಾನಾಗಿ ಆರುತ್ತದಲ್ಲ, ನಾನು ನೋಡುತ್ತಿದ್ದಂತೆಯೇ ಆರಿತು. ನನಗಿಂತ ನಾಲ್ಕು ನಿಮಿಷ ಮೊದಲು ಅಲ್ಲಿ ಯಾರೋ ಇದ್ದರು.

ಏನೂ ಹೋಗಿಲ್ಲ. ಚರ್ಮ, ಅಂಟು, ಉಳಿ, ಗೋಡೆಯ ಮೇಲಿನ ಮರದ ಕಾಲಚ್ಚುಗಳು, ಎಲ್ಲವೂ ಇದ್ದ ಹಾಗೇ ಇವೆ. ಗಿರಾಕಿಗಳ ಕಾಲಿನ ಲೆಕ್ಕವೆಲ್ಲಾ ಇರುವ ಅಮ್ಮನ ಅಳತೆ ಪುಸ್ತಕ ಮಾತ್ರ ಕಪಾಟಿನಲ್ಲಿ ತಲೆಕೆಳಗಾಗಿ ನಿಂತಿತ್ತು. ನಾನು ಎಷ್ಟೇ ಸುಸ್ತಾಗಿರಲಿ, ಅದನ್ನು ಹಾಗೆ ಇಡುವವಳಲ್ಲ. ಬಾಗಿಲು ಮುರಿದಿಲ್ಲ, ಗೀರಿಲ್ಲ. ರಿಮೋಟಿನಿಂದಲೇ ತೆಗೆದಿದ್ದಾರೆ. ನನ್ನದು ನನ್ನ ಚೀಲದಲ್ಲೇ ಇತ್ತು. ನೀನು ಹೊರಡುವ ದಿನ, ‘ತಗೋ ಅಕ್ಕ, ಇನ್ನು ಇದು ನಂದಲ್ಲ’ ಎಂದು ನಾಟಕ ಮಾಡಿ ಕೊಟ್ಟ ರಿಮೋಟ್ ಸೂಜಿಡಬ್ಬಿಯಲ್ಲಿದೆ.

ತಲೆ ಕೆಟ್ಟಿದೆ. ಬೇಗ ಬರೆ.

ನಿನ್ನ ಅಕ್ಕ

ಜನವರಿ 19

ಅಕ್ಕಾ,

ನಿನ್ನ ಕಾಗದ ಓದಿ ಮೊದಲು ನಗು ಬಂತು. ಆ ಪೆಟ್ಟಿಗೆಗೆ ವಯಸ್ಸಾಗಿದೆ. ದೀಪಕ್ಕೂ ಮರೆವು ಬಂದಿರಬಹುದು, ನಿನ್ನ ಹಾಗೆ. ಪುಸ್ತಕ ನೀನೇ ತಲೆಕೆಳಗಿಟ್ಟಿರುತ್ತೀಯ. ನೀನು ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲಾ ಹುಡುಕುವವಳು.

ಆದರೆ ಎರಡನೆಯ ಸಲ ಓದಿದಾಗ ನಗು ಬರಲಿಲ್ಲ. ಅಕ್ಕ, ನಿನ್ನ ಹತ್ತಿರ ಎರಡು ರಿಮೋಟ್ ಇವೆ. ಮೂರನೆಯದು ಯಾರ ಹತ್ತಿರ ಇದೆ ಎಂದು ನಾನು ಬಾಯಿಬಿಟ್ಟು ಹೇಳಬೇಕಾ? ನನಗೂ ಅವರೆಂದರೆ ಪ್ರೀತಿಯೇ. ಮೂವತ್ತು ವರ್ಷ ನಮ್ಮ ಮನೆಯಲ್ಲಿ ಹೊಲಿದವರು, ನಮ್ಮಿಬ್ಬರಿಗೂ ಸೂಜಿ ಹಿಡಿಯಲು ಕಲಿಸಿದವರು. ಆದರೆ ವಯಸ್ಸಾದ ಮೇಲೆ ಜನ ಬದಲಾಗುತ್ತಾರೆ. ಯಾರಾದರೂ ಬೇರೆ ಅಂಗಡಿಯವರು ಆಸೆ ತೋರಿಸಿರಬಹುದು. ಅಳತೆ ಪುಸ್ತಕದ ಬೆಲೆ ಗೊತ್ತಿರುವುದು ಅವರಿಗೆ ಮಾತ್ರ ತಾನೆ? ಕೇಳಲು ಹೋಗಬೇಡ. ಕೇಳಿದರೆ ಅಳುತ್ತಾರೆ, ನೀನು ಕರಗುತ್ತೀಯ, ಕಥೆ ಅಲ್ಲಿಗೆ ಮುಗಿಯುತ್ತದೆ. ಸುಮ್ಮನೆ ರಿಮೋಟ್ ವಾಪಸ್ ತಗೋ.

ಕೆಲಸ ಹುಡುಕುತ್ತಲೇ ಇದ್ದೇನೆ. ಬುಧವಾರದ ಆಸ್ಪತ್ರೆ ಹಾಗೇ ಮುಂದುವರಿಯುತ್ತದಾ? ಐದು ಗಂಟೆ ಬಗ್ಗಿ ಕೂರಬೇಡ, ನಿನ್ನ ಸೊಂಟ ನನಗೆ ಗೊತ್ತು.

ನಿನ್ನ ಮರಿ

ಫೆಬ್ರವರಿ 6

ಮರಿ,

ಮಾಡಿದೆ. ಮಾಡಿ ಮೂರು ದಿನವಾಯಿತು, ಊಟ ಸೇರುತ್ತಿಲ್ಲ.

ದಾರದಮ್ಮ ಬೆಳಿಗ್ಗೆ ಬಂದು ದಾರಕ್ಕೆ ಮೇಣ ಸವರುತ್ತಾ ಕೂತಿದ್ದರು. ನಾನು ಎದುರು ನಿಂತು ಕೈ ಚಾಚಿ, ‘ರಿಮೋಟ್ ಕೊಡಿ ದಾರದಮ್ಮ’ ಎಂದೆ. ಅವರು ನನ್ನ ಮುಖ ನೋಡಿದರು. ತುಂಬಾ ಹೊತ್ತು ನೋಡಿದರು. ಆಮೇಲೆ ಸೊಂಟದ ಚೀಲದಿಂದ ತೆಗೆದು ಕೊಟ್ಟರು. ನಾನು, ‘ಸ್ವಲ್ಪ ದಿನ ಕೆಲಸ ಕಡಿಮೆ ಇದೆ’ ಎಂದೆ. ಅವರ ಹಿಂದೆ ಹದಿನೆಂಟು ಜೊತೆ ಹೊಲಿಯದ ಬೂಟುಗಳು ಸಾಲಾಗಿ ನಿಂತಿದ್ದವು. ಕಣ್ಣಿಗೆ ರಾಚುವಂಥ ಇಂಥ ಸುಳ್ಳು ಹೇಳಲು ನನ್ನಿಂದ ಮಾತ್ರ ಸಾಧ್ಯ.

ಅವರು ಯಾಕೆ ಎಂದು ಕೇಳಲಿಲ್ಲ, ಅಳಲೂ ಇಲ್ಲ. ಮೇಣದ ಉಂಡೆಯನ್ನು ಕಾಗದದಲ್ಲಿ ಸುತ್ತಿಟ್ಟು, ಎದ್ದು ಹೋದರು. ತಪ್ಪಿಲ್ಲದಿದ್ದರೆ ಒಂದು ಮಾತಾದರೂ ಆಡುತ್ತಿದ್ದರಲ್ಲವಾ? ನೀನು ಹೇಳಿದ್ದು ನಿಜವೇ ಇರಬೇಕು. ನಿಜವಾಗಿರಲಿ ಎಂದು ನನಗೆ ಆಸೆ ಕೂಡ ಆಗುತ್ತಿದೆ. ಅದು ನಿಜವಾಗಿರದಿದ್ದರೆ ನಾನೇನು ಮಾಡಿದೆ?

ಆಸ್ಪತ್ರೆ ದಿನ ಬದಲಾಗಿದೆ. ಈ ತಿಂಗಳಿಂದ ಶುಕ್ರವಾರ.

ನಿನ್ನ ಅಕ್ಕ

ಫೆಬ್ರವರಿ 11

ಅಕ್ಕಾ,

ಒಳ್ಳೆಯದಾಯಿತು. ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅವರು ಬಂದು ಮಾತಾಡಿಸಿದರೂ ಒಳಗೆ ಕರೆಯಬೇಡ, ಹಳೆಯದೆಲ್ಲಾ ತೆಗೆದು ನಿನ್ನ ಮನಸ್ಸು ಕೆಡಿಸುತ್ತಾರೆ. ಅವರ ಮಾತಿಗೆ ಕಿವಿ ಕೊಡಬೇಡ.

ಶುಕ್ರವಾರವಾದರೆ ನಿನಗೆ ಶನಿವಾರ ಸುಧಾರಿಸಿಕೊಳ್ಳಲು ಆಗುತ್ತದೆ, ಒಳ್ಳೆಯದೇ.

ಮರಿ

ಮಾರ್ಚ್ 20

ಮರಿ,

ಕೂತು ಓದು. ನಿಂತುಕೊಂಡು ಓದುವ ಕಾಗದ ಅಲ್ಲ ಇದು.

ಹೋದ ಶುಕ್ರವಾರ ಆಸ್ಪತ್ರೆಯಿಂದ ಬಂದು ನೋಡಿದರೆ ಗ್ಯಾರೇಜಿನ ನೆಲದ ಮೇಲೆ ಎಣ್ಣೆ. ಅಂಗೈಯಗಲದ ಹಸಿ ಕಲೆ. ನೀನು ಕಾರು ತೆಗೆದುಕೊಂಡು ಹೋಗಿ ಎರಡು ವರ್ಷವಾಯಿತು, ನಾನು ಬಸ್ಸಿನಲ್ಲಿ ಓಡಾಡುವವಳು. ಕಾರೇ ಇಲ್ಲದ ಗ್ಯಾರೇಜಿನಲ್ಲಿ ಎಣ್ಣೆ ಎಲ್ಲಿಂದ ಬಂತು? ದಾರದಮ್ಮನ ರಿಮೋಟ್ ನನ್ನ ಮೇಜಿನ ಮೇಲೇ ಇದೆ. ಅವರಿಗೆ ಕಾರು ಓಡಿಸುವುದಿರಲಿ, ಕಾರಿನ ಬಾಗಿಲು ಹಾಕಲೂ ಬರುವುದಿಲ್ಲ.

ಬಾಗಿಲು ರಿಪೇರಿಯವರನ್ನು ಕರೆಸಿದೆ. ಒಬ್ಬ ಮಧ್ಯವಯಸ್ಸಿನವರು ಬಂದರು, ಮಾತು ಕಡಿಮೆ. ಏಣಿ ಹತ್ತಿ ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಒಂದು ಸಣ್ಣ ಯಂತ್ರ ಹಚ್ಚಿ ನೋಡಿ, ‘ಎಷ್ಟು ರಿಮೋಟ್ ಇವೆ?’ ಎಂದು ಕೇಳಿದರು. ಮೂರು ಎಂದೆ. ಮೂರನ್ನೂ ಮೇಜಿನ ಮೇಲೆ ಇಟ್ಟು ತೋರಿಸಿದೆ.

‘ಪೆಟ್ಟಿಗೆಗೆ ನಾಲ್ಕು ಗೊತ್ತು,’ ಅಂದರು.

‘ನಾಲ್ಕನೇದು ಇಲ್ಲವೇ ಇಲ್ಲ.’

ಅವರು ಕೆಳಗಿಳಿದು ನೆಲದ ಎಣ್ಣೆ ನೋಡಿದರು. ‘ಇಲ್ಲಿ ನಿಲ್ತಿದ್ದ ಕಾರು ಎಲ್ಲಿ? ಅದರ ಒಳಗಿನ ಕನ್ನಡಿ ಕೆಳಗೆ ಮೂರು ಸಣ್ಣ ಬಟನ್ ಇತ್ತಾ?’

ನನಗೆ ಆಗ ನೆನಪಾಯಿತು ಮರಿ. ಆ ಕಾರು ಕೊಂಡ ವಾರ ನಾನು ಇದೇ ಏಣಿಯ ಮೇಲೆ ನಿಂತು ಪೆಟ್ಟಿಗೆಯ ಗುಂಡಿ ಒತ್ತಿ ಹಿಡಿದಿದ್ದೆ, ನೀನು ಕಾರಿನೊಳಗೆ ಕೂತು ಕನ್ನಡಿಯ ಕೆಳಗಿನ ಬಟನ್ ಒತ್ತಿ, ‘ಬಂತು ಬಂತು’ ಎಂದು ಕೂಗಿದ್ದೆ. ಕೈಚೀಲ ಹುಡುಕುವ ರಗಳೆ ತಪ್ಪಿತು ಎಂದು ಅಮ್ಮ ಎಷ್ಟು ಖುಷಿಪಟ್ಟಿದ್ದಳು! ಆ ಬಟನ್ ಒಂದು ಇದೆ ಎನ್ನುವುದನ್ನೇ ನಾನು ಮರೆತುಬಿಟ್ಟಿದ್ದೆ. ಕೈಯಲ್ಲಿ ಹಿಡಿಯುವುದಾದರೆ ವಾಪಸ್ ಕೇಳುತ್ತೇವೆ. ಕಾರಿನೊಳಗೇ ಕೂತಿರುವುದನ್ನು ಯಾರು ಕೇಳುತ್ತಾರೆ?

ಅವರು ಹೇಳಿದರು: ‘ಜನ ಕಾರು ಮಾರ್ತಾರೆ, ಸೀಟಿನ ಕೆಳಗೆ ಬಿದ್ದ ಚಿಲ್ಲರೆ ಕೂಡ ಬಿಡಲ್ಲ, ಆದ್ರೆ ಮನೆ ಬಾಗಿಲು ತೆಗೆಯೋ ಬಟನ್ ಅಳಿಸದೆ ಕೊಟ್ಬಿಡ್ತಾರೆ. ಹಳೇ ಕಾಗದದಲ್ಲಿ ವಿಳಾಸವೂ ಇರತ್ತೆ. ತಗೊಂಡವನು ಬಂದು ಸುಮ್ಮನೆ ಒತ್ತಿದ್ರೆ ಸಾಕು. ಅಕ್ಕಪಕ್ಕದವರು ಮನೆಯವರೇ ಬಂದ್ರು ಅಂದ್ಕೋತಾರೆ.’

ಈಗ ನಿಜ ಹೇಳು. ಅಮ್ಮನ ಕಾರು ಮಾರಿಬಿಟ್ಟೆಯಾ? ನನಗೆ ಬೇಜಾರಾಗುತ್ತದೆ ಎಂದು ಹೇಳಲಿಲ್ಲವಾ? ನಿನಗೆ ಕೆಲಸವಿಲ್ಲ, ಕಷ್ಟ ಇರುತ್ತದೆ, ನಾನು ಒಂದು ಮಾತೂ ಅನ್ನುವುದಿಲ್ಲ. ಆದರೆ ಯಾರಿಗೆ ಕೊಟ್ಟೆ ಎಂದು ತಿಳಿಸು, ಪೊಲೀಸರಿಗೆ ಹೇಳುತ್ತೇನೆ. ಪೆಟ್ಟಿಗೆಯ ನೆನಪನ್ನು ಪೂರ್ತಿ ಅಳಿಸಿ ನನ್ನ ರಿಮೋಟೊಂದನ್ನೇ ಮತ್ತೆ ಕಲಿಸಿದ್ದಾರೆ. ಇನ್ನು ಯಾವ ಕಾರು ಬಂದು ಒತ್ತಿದರೂ ಬಾಗಿಲು ಏಳುವುದಿಲ್ಲ.

ದಾರದಮ್ಮ ನಿರಪರಾಧಿ ಮರಿ. ಈ ಒಂದು ಸಾಲು ಬರೆಯಲು ಇಡೀ ಕಾಗದ ಬರೆದೆ.

ಅಕ್ಕ

ಏಪ್ರಿಲ್ 2

ಅಕ್ಕಾ,

ಹೇಗೆ ಹೇಳಲಿ? ಹೌದು, ಮಾರಿದೆ. ನವೆಂಬರಿನಲ್ಲಿ, ಒಬ್ಬ ದಲ್ಲಾಳಿಗೆ. ಅವನು ಯಾರಿಗೆ ದಾಟಿಸಿದನೋ ಗೊತ್ತಿಲ್ಲ, ಅವನ ಅಂಗಡಿಯೂ ಈಗ ಇಲ್ಲ. ಅಮ್ಮನ ಕಾರು ಎಂದು ನೀನು ನೊಂದುಕೊಳ್ಳುತ್ತೀಯ ಎಂದೇ ಮುಚ್ಚಿಟ್ಟೆ. ಬಟನ್ ಅಳಿಸಬೇಕು ಎಂದು ನನಗೂ ಹೊಳೆಯಲಿಲ್ಲ. ಮೂರರಲ್ಲಿ ಆ ತುದಿ ಈ ತುದಿಯ ಎರಡು ಬಟನ್‌ಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಅಳಿಸಿಹೋಗುತ್ತದಂತೆ, ಈಗ ಕೇಳಿ ತಿಳಿದೆ. ಪೊಲೀಸರ ಹತ್ತಿರ ಹೋಗಿ ಏನು ಹೇಳುತ್ತೀಯ, ಪುಸ್ತಕ ತಲೆಕೆಳಗಿತ್ತು ಎಂದಾ? ನಗುತ್ತಾರೆ. ಪೂರ್ತಿ ಅಳಿಸಿಬಿಟ್ಟೆಯಲ್ಲ, ಇನ್ನೇನು.

ದಾರದಮ್ಮನ ವಿಷಯದಲ್ಲಿ ದುಡುಕಬೇಡ. ಒಮ್ಮೆ ಅವಮಾನವಾದವರನ್ನು ಮತ್ತೆ ಕರೆದು ಕೂರಿಸಿಕೊಂಡರೆ ಇಬ್ಬರಿಗೂ ಮುಜುಗರ. ಹೇಗೂ ಕಣ್ಣು ಮಂಜಾಗಿತ್ತು ಅವರಿಗೆ. ಬಿಟ್ಟುಬಿಡು.

ಮರಿ

ಮೇ 9

ನಿನ್ನ ಹೆಸರು ಹಿಡಿದು ಶುರುಮಾಡಲು ಕೈ ಏಳುತ್ತಿಲ್ಲ.

ನಿನ್ನ ಊರಿನ ಕಡೆಯಿಂದ ವರ್ಷಕ್ಕೊಮ್ಮೆ ಬರುವ ಕಂಡಕ್ಟರಮ್ಮ ನಿನಗೆ ನೆನಪಿರಲೇಬೇಕು. ಎಡಗಾಲು ಗಿಡ್ಡ, ಬಾಯಿ ಉದ್ದ. ಮೊನ್ನೆ ಗೋಡೆ ಹಿಡಿದುಕೊಂಡು ಬಂದರು. ಸೊಂಟ ಒಂದು ಕಡೆ ವಾಲಿತ್ತು. ಹೊಸ ಬೂಟು ಬಿಚ್ಚಿ ನನ್ನ ಮೇಜಿನ ಮೇಲೆ ಕುಕ್ಕಿ, ‘ನಿಮ್ಮ ಹೊಸ ಶಾಖೆಯವರ ಕೆಲಸ ನೋಡಿ!’ ಅಂದರು.

‘ನಮಗ್ಯಾವ ಶಾಖೆ ಅಮ್ಮಾ?’

‘ನಿಮ್ಮ ತಂಗಿ ಅಂಗಡಿ ಹಾಕಿದಾರಲ್ಲ, ಡಿಸೆಂಬರಿಂದ. ಅವರೇ ಕಾಗದ ಹಾಕಿ ಕರೆದ್ರು. ಅಳತೆ ತಗೊಳ್ಳಿ ಅಂದ್ರೆ, ಬೇಡಮ್ಮ, ನಿಮ್ಮದೆಲ್ಲಾ ನಮ್ಮ ಪುಸ್ತಕದಲ್ಲೇ ಇದೆ ಅಂದ್ರು. ಪಾಪ, ಒಳ್ಳೆಯವರು, ನಿಮ್ಮಮ್ಮನ ಅದೇ ನೀಲಿ ಕಾರಲ್ಲಿ ನನ್ನ ಬಸ್ ಸ್ಟ್ಯಾಂಡಿಗೆ ಬಿಟ್ರು. ಹೋದ ತಿಂಗಳು.’

ಹೋದ ತಿಂಗಳು. ನವೆಂಬರಿನಲ್ಲಿ ನೀನು ಮಾರಿದ ಕಾರಿನಲ್ಲಿ.

ಬೂಟು ಕೈಗೆತ್ತಿಕೊಂಡೆ. ಎಡ ಹಿಮ್ಮಡಿಯ ಏರು ಹದಿನೆಂಟು ಮಿಲಿಮೀಟರ್. ನಮ್ಮ ಪುಸ್ತಕದಲ್ಲೂ ಹದಿನೆಂಟೇ ಇದೆ, ನಿನ್ನ ದುಂಡು ಅಕ್ಷರದಲ್ಲಿ. ಆದರೆ ಅದು ತಪ್ಪು. ಅವತ್ತು ಅವರನ್ನು ನೀನು ಹೊಸ್ತಿಲ ಹತ್ತಿರದ ಇಳಿಜಾರು ಹಾಸುಗಲ್ಲಿನ ಮೇಲೆ ನಿಲ್ಲಿಸಿ ಅಳೆದಿದ್ದೆ. ಬೂಟು ತೊಡಿಸಿ ನಡೆಸಿ ನೋಡಿದ ದಿನ ಅಮ್ಮ ಅದನ್ನು ಹನ್ನೊಂದಕ್ಕೆ ಇಳಿಸಿದಳು. ಅಮ್ಮ ಪುಸ್ತಕ ತಿದ್ದುತ್ತಿರಲಿಲ್ಲ. ತಿದ್ದುವುದನ್ನೆಲ್ಲಾ ಮರದ ಅಚ್ಚಿನ ಮೇಲೇ ತಿದ್ದುತ್ತಿದ್ದಳು, ಒಂದು ಚೂರು ಕೆತ್ತಿ, ಇಲ್ಲ ಒಂದು ಚೂರು ಚರ್ಮ ಅಂಟಿಸಿ. ನಿನಗೂ ಗೊತ್ತು. ಆದರೂ ಅಚ್ಚು ಹೊತ್ತೊಯ್ದರೆ ನನಗೆ ತಿಳಿಯುತ್ತದೆ ಎಂದು ಪುಸ್ತಕದ ಫೋಟೋ ಮಾತ್ರ ತೆಗೆದೆ, ನಿನ್ನ ಅಕ್ಷರವನ್ನೇ ನಂಬಿದೆ. ಇನ್ನು ಎಷ್ಟು ಜನ ಹೀಗೆ ಸೊಂಟ ಹಿಡಿದುಕೊಂಡು ನಡೆಯುತ್ತಿದ್ದಾರೆ, ಹೇಳು?

ಆಸ್ಪತ್ರೆ ಶುಕ್ರವಾರಕ್ಕೆ ಬದಲಾಯಿತು ಎಂದು ನಾನೇ ನಿನಗೆ ಬರೆದೆ. ಎಣ್ಣೆ ಬಿದ್ದದ್ದೂ ಶುಕ್ರವಾರವೇ. ಕಳ್ಳಿಗೆ ಹೊತ್ತು ಹೇಳಿಕೊಟ್ಟು, ಅಂಚೆಚೀಟಿಯನ್ನೂ ನಾನೇ ಅಂಟಿಸಿದ್ದೇನೆ. ನಿನ್ನ ಕಷ್ಟ ನೆನೆದು ಮಾರ್ಚಿನಲ್ಲಿ ಅತ್ತೆನಲ್ಲ, ಆ ಕಣ್ಣೀರಿಗೆ ನಾಚಿಕೆಯಾಗುತ್ತಿದೆ.

ಉತ್ತರ ಬರೆ. ಈ ಸಲ ಸುಳ್ಳು ಬೇಡ.

ಮೇ 30

ಅಕ್ಕಾ,

ಹೌದು. ನಾನೇ.

ಮೊದಲ ಸಲ ಬೇಕೆಂದು ಮಾಡಿದ್ದಲ್ಲ. ನವೆಂಬರಿನಲ್ಲಿ ನಿನ್ನನ್ನು ನೋಡಲೆಂದೇ ಬಂದೆ. ನಾಲ್ಕು ಗಂಟೆ ಓಡಿಸಿಕೊಂಡು ಬಂದು, ಬುಧವಾರ ನೀನು ಇರುವುದಿಲ್ಲ ಎನ್ನುವುದು ಬೀದಿಗೆ ತಿರುಗಿದ ಮೇಲೆ ನೆನಪಾಯಿತು. ಕೈ ತಾನಾಗಿಯೇ ಕನ್ನಡಿಯ ಕೆಳಗೆ ಹೋಯಿತು, ವರ್ಷಗಟ್ಟಲೆ ಹೋದ ಹಾಗೆ. ಬಾಗಿಲು ಎದ್ದಿತು. ನೀನು ರಿಮೋಟ್ ವಾಪಸ್ ತಗೊಂಡಿದ್ದೆ, ಅಮ್ಮ ಉಯಿಲಿನಲ್ಲಿ ಕಾರ್ಯಾಗಾರಕ್ಕೆ ನನ್ನ ಹೆಸರು ಬರೆದಿರಲಿಲ್ಲ, ಆ ಬಾಗಿಲೊಂದಕ್ಕೆ ನಾನು ಇನ್ನೂ ಮನೆಯವಳೇ ಆಗಿದ್ದೆ. ಒಳಗೆ ಕೂತು ಕಾದೆ. ಕಾಯುತ್ತಾ ಪುಸ್ತಕ ತೆಗೆದೆ. ಅರ್ಧ ಪುಸ್ತಕ ನನ್ನ ಅಕ್ಷರ ಅಕ್ಕ! ಹನ್ನೊಂದು ವರ್ಷ ನೆಲದ ಮೇಲೆ ಕೂತು ಜನರ ಕಾಲು ಹಿಡಿದವಳು ನಾನು. ನಿನಗೆ ಕಾರ್ಯಾಗಾರ, ನನಗೆ ಎಣ್ಣೆ ಸೋರುವ ಒಂದು ಕಾರು. ಅದನ್ನು ನ್ಯಾಯ ಅಂತ ನೀನು ಒಂದು ದಿನವೂ ಯೋಚಿಸದೆ ಒಪ್ಪಿಕೊಂಡೆ.

ಕೇಳಿದ್ದರೆ ಕೊಡುತ್ತಿದ್ದೆ ಎನ್ನುತ್ತೀಯ. ಕೊಡುತ್ತಿದ್ದೆಯಾ, ನಿಜವಾಗಿ?

ಕಂಡಕ್ಟರಮ್ಮನ ಬೂಟಿಗೆ ನನ್ನ ತಪ್ಪು, ಒಪ್ಪುತ್ತೇನೆ. ಎಲ್ಲರನ್ನೂ ಕರೆಸಿ ಮತ್ತೆ ಅಳೆಯುತ್ತಿದ್ದೇನೆ. ದಾರದಮ್ಮನ ವಿಷಯಕ್ಕೆ ನನಗೂ ಬೇಜಾರಿದೆ. ಆದರೆ ಅವರನ್ನು ಕಳಿಸಿದ್ದು ನೀನು, ನಾನಲ್ಲ.

ತಂಗಿ

ಜೂನ್ 22

ಮರಿ,

ನಿನ್ನ ಕಾಗದವನ್ನು ಮೂರು ವಾರ ಮೇಜಿನ ಮೇಲೇ ಇಟ್ಟುಕೊಂಡಿದ್ದೆ. ಅಮ್ಮ ಮಾಡಿದ್ದು ನ್ಯಾಯವಲ್ಲ. ನನಗದು ಗೊತ್ತಿತ್ತು, ಲಾಭ ನನ್ನ ಕಡೆಗಿದ್ದುದರಿಂದ ಬಾಯಿ ಮುಚ್ಚಿಕೊಂಡಿದ್ದೆ. ನೀನು ಕೇಳಿದ್ದರೆ ಕೊಡುತ್ತಿದ್ದೆನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಅಷ್ಟು ನಿನಗೆ ಸಲ್ಲಬೇಕು, ಬರೆದಿದ್ದೇನೆ.

ನಿನ್ನೆ ದಾರದಮ್ಮನ ಮನೆಗೆ ಹೋಗಿದ್ದೆ. ಮೂವತ್ತು ವರ್ಷದಲ್ಲಿ ಮೊದಲ ಸಲ. ಒಂದೇ ಕೋಣೆ, ಕಿಟಕಿಯ ಕೆಳಗೆ ಒಂದು ಬೆತ್ತದ ಪೀಠ, ಅದರ ಮೇಲೆ ಯಾರದೋ ಹರಿದ ಶಾಲೆಚೀಲ. ಈಗ ಚೀಲ ಹೊಲಿಯುತ್ತಾರೆ. ಕೂರು ಎಂದರು. ನಾನು ನಿಂತೇ, ಕಳ್ಳತನ ಮಾಡಿದವಳು ನನ್ನ ತಂಗಿ ಎಂದೆ.

‘ಗೊತ್ತು,’ ಅಂದರು. ‘ಡಿಸೆಂಬರಿಂದಲೇ ಗೊತ್ತು.’

ಅವರು ದಾರ ಬಿಡದೆ ಹೇಳುತ್ತಾ ಹೋದರು. ‘ಒಂದು ಬುಧವಾರ ಔಷಧಿ ಚೀಟಿ ಬಿಟ್ಟುಬಂದಿದ್ದೆ, ತಗೊಳೋಕೆ ಬಂದೆ. ಬಾಗಿಲು ಎತ್ತಿದ್ರೆ ಕಾರು ನಿಂತಿದೆ, ಚಿಕ್ಕವಳು ಪುಸ್ತಕ ಹರಡಿಕೊಂಡು ಕೂತಿದಾಳೆ. ನನ್ನ ನೋಡಿ ಬಾಯ್ಮೇಲೆ ಬೆರಳಿಟ್ಕೊಂಡು ನಕ್ಕಳು. ಅಕ್ಕಂಗೆ ಹೇಳ್ಬೇಡಿ, ಅವಳಿಗೊಂದು ಆಶ್ಚರ್ಯ ಮಾಡ್ತಿದೀನಿ ಅಂದಳು. ನಂಗೂ ಖುಷಿ ಆಯ್ತು. ಮುನಿಸಿಕೊಂಡು ಹೋದ ಹುಡುಗಿ ಬಂತಲ್ಲ ಅಂತ, ಅವಳ ತಲೆ ಸವರಿ ಬಂದೆ.’

ಅವರು ನಿನ್ನ ತಲೆ ಸವರಿ ಬಂದರು ಮರಿ. ಒಂದು ತಿಂಗಳಾದ ಮೇಲೆ ನೀನು ನನಗೆ ಬರೆದೆ, ಮೂರನೆಯ ರಿಮೋಟ್ ಯಾರ ಹತ್ತಿರ ಇದೆ ಎಂದು ಬಾಯಿಬಿಟ್ಟು ಹೇಳಬೇಕಾ ಎಂದು. ಕೇಳಲು ಹೋಗಬೇಡ ಎಂದೂ ಬರೆದೆ. ನಿನ್ನನ್ನು ನೋಡಿದ್ದವರು ಅವರೊಬ್ಬರೇ, ಅದಕ್ಕೆ. ಪುಸ್ತಕ ಕದ್ದದ್ದನ್ನು ನಾನು ಎಂದಾದರೂ ನುಂಗಿಕೊಂಡೇನು. ಇದು ಗಂಟಲಲ್ಲಿ ಇಳಿಯುವುದಿಲ್ಲ.

ಅವರನ್ನು ಕೇಳಿದೆ, ‘ಅವತ್ತೇ ಯಾಕೆ ನನಗೆ ಹೇಳಲಿಲ್ಲ?’

‘ಒಡಹುಟ್ಟಿದವರ ಮಧ್ಯೆ ನಾನಾಗಿ ಹೋಗಿ ಚಾಡಿ ಹೇಳ್ಲಾ? ನೀನು ಕೇಳಿದ್ರೆ ಹೇಳ್ತಿದ್ದೆ. ದಾರದಮ್ಮ, ನೀವಾ? ಅಂತ ಒಂದು ಮಾತು. ನಿನ್ನ ಮುಖಾನೇ ನೋಡ್ತಾ ಕಾದೆ ಕಣೆ. ನೀನು ಕೈ ಚಾಚಿದೆ ಅಷ್ಟೆ.’

ಕಾಲು ಹಿಡಿದುಕೊಳ್ಳಲು ಬಗ್ಗಿದೆ. ಅವರು ಕಾಲನ್ನು ಒಳಗೆಳೆದುಕೊಂಡರು. ವಾಪಸ್ ಬನ್ನಿ ಎಂದೆ, ನಿಮ್ಮ ಜಾಗ ಹಾಗೇ ಇದೆ ಎಂದೆ, ಬಾಯಿಗೆ ಬಂದದ್ದನ್ನೆಲ್ಲಾ ಹೇಳಿದೆ. ಅವರು ದಾರಕ್ಕೆ ಗಂಟು ಹಾಕಿ, ಹಲ್ಲಿನಿಂದ ಕಡಿದು, ಆಮೇಲೆ ಮಾತಾಡಿದರು.

‘ನಿನ್ನ ತಂಗಿ ಮೇಲೆ ನಂಗೆ ಅಷ್ಟೊಂದು ಕೋಪ ಇಲ್ಲ. ಅವಳಿಗೆ ಪುಸ್ತಕ ಬೇಕಿತ್ತು, ಅದಕ್ಕೆ ನನ್ನ ದೂಡಿದಳು. ನಿಂಗೇನು ಬೇಕಿತ್ತು?’

ಚಪ್ಪಲಿ ಹಾಕಿಕೊಂಡು ಹೊರಗೆ ಬಂದೆ. ಅವರು ಬಾಗಿಲವರೆಗೆ ಬಂದು ನಿಂತರು.

ಆ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ ಮರಿ. ಸಿಗುವವರೆಗೆ ನಾನು ನಿನಗೆ ಬರೆಯುವುದಿಲ್ಲ. ನೀನೂ ಬರೆಯಬೇಡ.

ಅಕ್ಕ